ಸೀರೆ ಡಬ್ಬಿಯ ಲಾವಕ್ಕಿಗಳು

ಕೆರೂರಿನಲ್ಲಿ ಬಸ್ಸು ಬದಲಿಸಿ ಬಾಗಲಕೋಟೆಯ ಕಡೆ ಹೋಗಬೇಕಿತ್ತು. ಬಾದಾಮಿ ಬಿಡುವಾಗಲೇ ಮೋಡ ಕವಿದಿತ್ತು. ಇಳಿದು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಷ್ಟರಲ್ಲಿ ಮಳೆ ಬಂತು. ನಿಲ್ಲಲು ಜಾಗ ಸಿಕ್ಕದ್ದು ಕೋಳಿ ಆಹಾರ ಮಾರುವ ಅಂಗಡಿಯೊಂದರ ತಗಡಿನ ಕೆಳಗೆ. ಅಂಗಡಿಯವನು ಟಂಟಂ ಆಟೋದಿಂದ ಚೀಲ ಇಳಿಸುತ್ತಿದ್ದ. ಒಂದು ಚೀಲದ ಮೂಲೆ ನೀರಿಗೆ ಸಿಕ್ಕಿ ಕಪ್ಪಾಗಿತ್ತು. ಅದನ್ನು ನನ್ನ ಕಾಲ ಹತ್ತಿರವೇ ತಂದು ನಿಲ್ಲಿಸಿ, "ಚೂರು ಅತ್ತಾಗ ಸರೀರಿ ಅಕ್ಕಾರ" ಅಂದ. ಸರಿದೆ. ವಾಸನೆ ಸರಿಯಲಿಲ್ಲ. ತೊಯ್ದ ಹಿಟ್ಟಿನ ಹುಳಿ, ಅದರ ಕೆಳಗೆ ಸಣ್ಣಗೆ ಮೀನು. ಗೊತ್ತಿಲ್ಲದವರಿಗೆ ಅದು ಮೀನು ಅಂತ ತಿಳಿಯುವುದಿಲ್ಲ. ನಮ್ಮ ಮನೆಯಲ್ಲೂ ಒಂದು ಮಳೆಗಾಲದ ಅರ್ಧ ತಿಳಿದಿರಲಿಲ್ಲ. ಬಸ್ಸು ಬಂದು ಕಿಟಕಿಯ ಪಕ್ಕ ಕೂತ ಮೇಲೂ ನನ್ನ ತಲೆಯಲ್ಲಿ ಆ ವರ್ಷವೇ ತಿರುಗುತ್ತಿತ್ತು, ನೀಲಾ ಲಾವಕ್ಕಿ ಸಾಕಿದ ವರ್ಷ.

ನೀಲಾ ನನ್ನ ಗಂಡನ ತಂಗಿ. ನಮ್ಮದು ಇಳಕಲ್ಲಿನಲ್ಲಿ ಮಗ್ಗದ ಮನೆ. ಅವಳನ್ನು ಹುನಗುಂದದ ಆಚೆ ಒಂದು ಊರಿಗೆ ಕೊಟ್ಟಿದ್ದೆವು. ಆ ವರ್ಷ ಬಿಸಿಲು ಉರಿಯುತ್ತಿದ್ದ ಒಂದು ಮಧ್ಯಾಹ್ನ, ಒಂದೇ ಕೈಚೀಲ ಹಿಡಿದು ಬಂದಳು. ನಾನು ನೀರು ಕೊಟ್ಟೆ. ಲೋಟ ಎತ್ತಿದಾಗ ಅವಳ ಬಳೆಗಳು ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಹೋಗಿ ನಿಂತವು. ಅವಳ ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಲೂ ಇರಲಿಲ್ಲ. ಮಕ್ಕಳಾಗಲಿಲ್ಲವೆಂದು ಆ ಮನೆಯಲ್ಲಿ ಯಾರೂ ಅವಳ ಜೊತೆ ಮಾತಾಡುತ್ತಿರಲಿಲ್ಲ, ಅಷ್ಟೆ. ಎಲ್ಲರ ಊಟವಾದ ಮೇಲೆ ರೊಟ್ಟಿ ಬುಟ್ಟಿಯಲ್ಲಿ ಏನು ಉಳಿದರೆ ಅದು ಅವಳ ಪಾಲು. ಇದನ್ನು ಅವಳು ಹೇಳಲಿಲ್ಲ. ನಾನು ಬಿಸಿ ರೊಟ್ಟಿ ಬಡಿದು ಹಂಚಿನಿಂದ ನೇರ ಅವಳ ತಾಟಿಗೆ ಹಾಕಿದಾಗ ಅವಳು ಅದನ್ನು ತಿನ್ನದೆ, ಗಂಡಸರು ಉಂಡರೋ ಇಲ್ಲವೋ ಅಂತ ಪಡಸಾಲೆಯ ಕಡೆ ನೋಡಿದಳು. ಅದರಿಂದ ತಿಳಿಯಿತು.

ಕಾರಹುಣ್ಣಿಮೆಯ ಹೊತ್ತಿಗೆ ನೀಲಾಳ ಗಂಡನ ಕಡೆಯ ಹಿರಿಯರು ಬಂದರು. ಪಡಸಾಲೆಯಲ್ಲಿ ಜಮಖಾನ ಹಾಸಿದೆ. ಅವರಲ್ಲಿ ಹೆಚ್ಚು ಮಾತಾಡುವ ಒಬ್ಬರು ನನ್ನ ಮಾವನವರಿಗೆ ಹೇಳಿದರು: "ಹೆಣ್ಣಮಗಳನ್ನ ಎಷ್ಟಂತ ಇಟ್ಟಗೊಳ್ಳವ್ರು ಯಜಮಾನ್ರ? ನಾಳೆ ನೀವು ಇಲ್ಲದಾಗ ಆಕಿ ಯಾರ ಮ್ಯಾಲೆ ಬೀಳಾಕಿ?"

ಮಾವನವರು ಮಾತು ಕಡಿಮೆ ಆಡುವವರು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಬೆಳಗಿನ ಪೂಜೆಯಾಗದೆ ಬಾಯಿಗೆ ನೀರು ಹಾಕಿಕೊಂಡವರಲ್ಲ. ಅವರೆಂದರು: "ಯಾರ ಮ್ಯಾಲೂ ಬೀಳೂದಿಲ್ಲ. ದೀಪಾವಳಿ ಮಟಾ ವ್ಯಾಳ್ಯಾ ಕೊಡ್ರಿ. ಅಷ್ಟರಾಗ ಆಕಿ ತನ್ನ ಕಾಲ ಮ್ಯಾಲೆ ತಾ ನಿಂತಳಂದ್ರ ನೀವು ಕರೀಬಾರದು. ನಿಲ್ಲಲಿಲ್ಲಂದ್ರ ನಾನ ತಂದು ಬಿಡತೇನಿ."

ಅವರ ಮಾತೆಂದರೆ ನಮ್ಮ ಓಣಿಯಲ್ಲಿ ಕಲ್ಲಿನ ಮೇಲೆ ಕೊರೆದಂತೆ. ಹಿರಿಯರು ಒಪ್ಪಿ, ಚಹಾ ಕುಡಿದು, ಎದ್ದು ಹೋದರು. ಬಾಗಿಲ ಹಿಂದೆ ನಿಂತಿದ್ದ ನೀಲಾ ನನ್ನ ಕೈ ಹಿಡಿದುಕೊಂಡಳು.

ಲಾವಕ್ಕಿಯ ವಿಚಾರ ಅವಳಿಗೆ ಹೊಳೆದದ್ದು ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳಿಗೆ ನಡೆಸಿದ ಒಂದು ತರಬೇತಿಯಲ್ಲಿ. ಜೊತೆಗೆ ಹೋದವರೆಲ್ಲ ಹೊಲಿಗೆ ಆರಿಸಿಕೊಂಡರು. ಇವಳು, "ಹೊಲಿಗಿ ಓಣಿಗೊಬ್ಬಾಕಿ ಮಾಡತಾಳ ಅತ್ತಿಗಿ. ಲಾವಕ್ಕಿ ಮೊಟ್ಟಿ ಬಾದಾಮಿ ಹೋಟೆಲಿನವ್ರು ಕೇಳಿ ಕೇಳಿ ಒಯ್ತಾರಂತ. ಹಿತ್ತಲದಾಗಿನ ಖೋಲಿ ಸಾಕು," ಅಂದಳು. ನಮ್ಮದು ಮೊಟ್ಟೆ ಮುಟ್ಟದ ಮನೆ. ಅವಳು ಅಪ್ಪನ ಮುಂದೆ ಹೋಗಿ ನಿಂತಾಗ ನಾನು ಅಡುಗೆ ಮನೆಯಲ್ಲಿ ಸೌಟು ಆಡಿಸುವುದನ್ನು ನಿಲ್ಲಿಸಿದೆ.

"ಬರೇ ಹೆಣ್ಣ ಹಕ್ಕಿ ತರತೇನಿ ಯಪ್ಪಾ. ಗಂಡು ಇರೂದಿಲ್ಲ. ಮೊಟ್ಟಿಯೊಳಗ ಜೀವ ಇರೂದಿಲ್ಲ."

ಮಾವನವರು ಮಗಳ ಮುಖ ನೋಡಿದರು. "ಕೊಯ್ಯಾಕ ಕೊಡಬಾರದು."

"ಇಲ್ಲ."

"ಅಡಗಿ ಮನಿಗೆ ತರಬಾರದು."

"ಇಲ್ಲ ಯಪ್ಪಾ."

"ಹಂಗಾರ ಸಾಕು. ಅವೂ ಜೀವಾನ ಅಲ್ಲೇನು, ಮನ್ಯಾಗ ಇರಲಿ."

ಹಿತ್ತಲ ಗೋಡೆಯಾಚೆ ಮಾಳವ್ವನ ಮನೆ. ಅವರು ಕುರುಬರು, ಬೀರಪ್ಪನ ಒಕ್ಕಲು. ಅವಳ ಗಂಡ ವರ್ಷದಲ್ಲಿ ಅರ್ಧ ಭಾಗ ಕುರಿಯ ಹಿಂದೆ ಊರೂರು ತಿರುಗುತ್ತಾನೆ. ಮಾಳವ್ವ ಈ ಮಾತನ್ನೆಲ್ಲ ಆಚೆಯಿಂದಲೇ ಕೇಳಿಸಿಕೊಂಡು ಗೋಡೆಯ ಮೇಲೆ ಮುಖ ತೋರಿಸಿದಳು. "ಗಂಡಸರಿಲ್ಲದ ಊರ ಕಟ್ಟಾಕ ಹೊಂಟಿ ನೋಡ ನೀಲಾ. ಜಾಗಾ ಉಳಿದರ ನನಗೂ ಒಂದ ಮಾತು ಹೇಳ." ನೀಲಾ ಬಂದ ಮೇಲೆ ನಕ್ಕದ್ದು ಅವತ್ತೇ ಮೊದಲು.

ನನ್ನ ಗಂಡ ಹಿತ್ತಲ ಖೋಲಿಯಲ್ಲಿ ತಂತಿ ಬಲೆಯ ಪಂಜರ ಕಟ್ಟಿಕೊಟ್ಟರು, ಒಂದರ ಮೇಲೊಂದು, ಹಿಕ್ಕೆ ಬೀಳಲು ಕೆಳಗೆ ತಗಡು. ಮುಂಗಾರು ಹಿಡಿದುಕೊಂಡ ದಿನಗಳಲ್ಲಿ ಹಕ್ಕಿಗಳು ಬಂದವು. ಎದೆಯ ಮೇಲೆ ಚುಕ್ಕಿ ಮೂಡಿ ಹೆಣ್ಣು ಅಂತ ಗುರುತಾಗುವಷ್ಟು ಬೆಳೆದಿದ್ದವು. ಮುಷ್ಟಿಯಲ್ಲಿ ಹಿಡಿದರೆ ತಲೆಯೊಂದು ಹೊರಗೆ. ಒಣಗಿದ ಹುಲ್ಲು, ಮಣ್ಣು, ಸುಟ್ಟ ಬೆಲ್ಲ, ಈ ಮೂರರ ಬಣ್ಣವನ್ನು ಎಳೆ ಎಳೆಯಾಗಿ ಹಾಕಿ ನೇಯ್ದ ಹಾಗಿತ್ತು ಬೆನ್ನು. ಮಾವನವರು ಒಂದನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಸೀರೆಯ ಅಂಚು ನೋಡುವವರಂತೆ ಪುಕ್ಕವನ್ನು ಬೆರಳಿನಿಂದ ಬಿಡಿಸಿ ನೋಡಿದರು. "ಈ ನೇಯ್ಗಿ ನಮ್ಮ ಕೈಲೆ ಆಗೂದಲ್ಲ ಬಿಡ," ಅಂದರು.

ನನಗೆ ಬಿದ್ದ ಕೆಲಸ ಬೆಳಗಿನ ಕಸ. ತಗಡು ಎಳೆದು ಹಿಕ್ಕೆ ಕೆರೆಯುವುದು, ನೀರಿನ ಡಬ್ಬಿ ತಿಕ್ಕುವುದು, ನೆಲದ ಮೇಲೆ ಉದುರಿದ ಪುಕ್ಕ ಗುಡಿಸುವುದು. ದಿನಾ ಒಂದು ಹಿಡಿ ಪುಕ್ಕ ಸಿಗುತ್ತಿತ್ತು. ಮಕ್ಕಳ ಜಾವಳದ ಕೂದಲಷ್ಟು ಹಗುರ, ಗುಡಿಸುವ ಮೊದಲೇ ಹಾರಿ ಸೆರಗಿಗೆ ಅಂಟುತ್ತಿತ್ತು. ಕಾಳು ನೀಲಾ ಹಾಕುತ್ತಿದ್ದಳು. ಕಂಪನಿಯ ಚೀಲದಲ್ಲಿ ಬರುತ್ತಿದ್ದ, ಕಡಲೆ ನುಚ್ಚಿನಂತೆ ಕಾಣುವ ತಿನಿಸು. ಕೆಲವು ವಾರಗಳಲ್ಲಿ ಮೊಟ್ಟೆ ಶುರುವಾದವು. ಪ್ರತಿ ಹಕ್ಕಿಯ ಮೊಟ್ಟೆಗೆ ಅದರದೇ ಮಚ್ಚೆ. ಒಂದು ಶಾಯಿ ಚೆಲ್ಲಿದ ಹಾಗೆ, ಇನ್ನೊಂದು ಸಾಸಿವೆ ಉದುರಿಸಿದ ಹಾಗೆ. ಯಾವ ಮೊಟ್ಟೆ ಯಾವ ಹಕ್ಕಿಯದು ಅಂತ ನೀಲಾ ನೋಡಿದ ಕೂಡಲೆ ಹೇಳುತ್ತಿದ್ದಳು. ಬಾದಾಮಿಯಿಂದ ಹೋಟೆಲಿನವನೊಬ್ಬ ಬೈಕಿನ ಮೇಲೆ ಬಂದು ಒಯ್ಯತೊಡಗಿದ. ಪಂಚಮಿಗೆ ಜೋಕಾಲಿ ಕಟ್ಟಿದಾಗ ಓಣಿಯ ಹೆಂಗಸರು ಸಾಲಾಗಿ ಬಂದು ಪಂಜರ ನೋಡಿಕೊಂಡು ಹೋದರು. ಅಷ್ಟರಲ್ಲಿ ಬಳೆಗಳು ಜಾರುವುದು ನಿಂತಿತ್ತು. ಈಗ ಅವಳು ಹಂಚಿನ ರೊಟ್ಟಿಯನ್ನು ನಾನು ಹಾಕುವ ಮೊದಲೇ ಎತ್ತಿಕೊಂಡು, ಕೈ ಸುಟ್ಟುಕೊಂಡು, "ಖಾರಬ್ಯಾಳಿ ಎಲ್ಲೈತಿ ಅತ್ತಿಗಿ?" ಅಂತ ಕೇಳುತ್ತಿದ್ದಳು.

ಆಮೇಲೆ ಶ್ರಾವಣದ ಜಿಟಿಜಿಟಿ ಹಿಡಿಯಿತು. ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗದ ಕುಣಿಯೊಳಗೆ ತೇವ ಏರಿ, ಹಾಸಿನ ಎಳೆ ಸಡಿಲಾಗಿ, ನೇಯ್ಗೆ ನಿಂತಿತು. ಕೆಲಸವಿಲ್ಲದ ಮಾವನವರು ಮನೆಯ ಸೋರುವ ಜಾಗಗಳನ್ನೆಲ್ಲ ನೋಡುತ್ತ ಬಂದು ಹಿತ್ತಲ ಖೋಲಿ ಹೊಕ್ಕರು. ತಗಡಿನ ತೂತಿನಿಂದ ನೀರು ನೇರ ತಿನಿಸಿನ ಚೀಲದ ಮೇಲೆ ಬೀಳುತ್ತಿತ್ತು. ಅದನ್ನು ತಬ್ಬಿ ಸರಿಸಿದರು. ಹೊರಗೆ ಬಂದವರು ಎರಡೂ ಕೈಯನ್ನು ಮೈಯಿಂದ ದೂರ ಹಿಡಿದಿದ್ದರು.

"ಸುಮಂಗಲಾ, ಇದೇನವಾ ನಾತ?"

ನಾನು ಮೂಸಿದೆ. ನನಗೂ ತಿಳಿಯಲಿಲ್ಲ. ಗೋಡೆಯಾಚೆ ಕುರಿಗೆ ಸೊಪ್ಪು ಹಾಕುತ್ತಿದ್ದ ಮಾಳವ್ವನಿಗೆ ತಿಳಿಯಿತು. ತಿರುಗಿ ಒಳಗೆ ಹೋದಳು. ನೀಲಾ ಚೀಲ ಮಾರಿದ ಅಂಗಡಿಯವನಿಗೆ ಫೋನು ಹಚ್ಚಿದಳು. ಕೈಯೆಲ್ಲ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿ ಕಟ್ಟೆಯ ಮೇಲಿಟ್ಟಳು. ಅವನು ಸಹಜವಾಗಿ ಹೇಳಿದ: "ಮೀನಿನ ಪುಡಿ ಹಾಕಿರತಾರ ತಂಗಿ. ಅದು ತೊಯ್ದರ ಹಂಗ ನಾರತೈತಿ. ಯಾಕ, ಚೀಲ ಭಾಳ ಕೆಟ್ಟೈತೇನು?"

ನೀಲಾ ಅಪ್ಪನ ಕಡೆ ತಿರುಗಿದಳು. ಫೋನು ತಾನೇ ಕಡಿಯಿತು.

ಹಿತ್ತಲ ಖೋಲಿಯ ಗೋಡೆಯ ಈಚೆಗೆ ಮಾವನವರು ಪೂಜೆಗೆ ಕೂಡುವ ಜಾಗ. ಒಂದೇ ಗೋಡೆ. ಅವರು ಕಟ್ಟೆಯ ಮೇಲೆ ಕೂತು ಅಂಗೈ ನೋಡಿಕೊಂಡರು. "ಇಷ್ಟ ದಿನಾ, ನಾ ಲಿಂಗ ಹಿಡಕೊಂಡು ಕುಂಡ್ರೂ ಗ್ವಾಡಿ ಹಿಂದ," ಅಂದರು. ಸಿಟ್ಟಿನಿಂದ ಅಲ್ಲ. ಕಾಯಿಲೆಯ ಹೆಸರು ಕೇಳಿದವರು ಹೇಳುವ ಹಾಗೆ. ಮರುದಿನ ಮೊದಲ ಬಸ್ಸಿಗೆ ಕೂಡಲಸಂಗಮಕ್ಕೆ ಹೋಗಿ, ಹೊಳೆಯಲ್ಲಿ ಮಿಂದು, ಒದ್ದೆ ಧೋತರ ಚೀಲದಲ್ಲಿಟ್ಟುಕೊಂಡು ಸಂಜೆಗೆ ಬಂದರು. ಬಂದವರೇ ನೀಲಾಳನ್ನು ಕರೆದರು.

"ಹಕ್ಕಿ ಇರಲಿ. ಆ ಚೀಲ ಬ್ಯಾಡ."

"ಯಪ್ಪಾ, ನಾವು ರೇಷ್ಮಿ ನೇಯ್ತೀವಿ. ಅದು ಹುಳದ್ದಲ್ಲೇನು? ಕುದಿಸಿ ತಗೀತಾರ."

ಅವಳು ಇದನ್ನು ಇಡೀ ದಿನ ಯೋಚಿಸಿ ಇಟ್ಟುಕೊಂಡಿದ್ದಳು. ಮಾವನವರು ತಲೆಯಾಡಿಸಿದರು. "ಖರೆ ಐತಿ. ಅದಕ್ಕ ನನ್ನ ಹಂತ್ಯಾಕ ಉತ್ತರ ಇಲ್ಲ ಮಗಳ. ಆದರ ಗೊತ್ತಾದ ಮ್ಯಾಲೂ ಇದನ್ನ ಮನ್ಯಾಗ ಇಟ್ಟಗೊಂಡು ನನಗ ಪೂಜಾಕ್ಕ ಕುಂಡ್ರಾಕ ಆಗೂದಿಲ್ಲ."

ಉತ್ತರವಿದ್ದಿದ್ದರೆ ಅವಳು ಜಗಳವಾಡುತ್ತಿದ್ದಳು. ಇಲ್ಲ ಅಂದುಬಿಟ್ಟದ್ದರಿಂದ ಎದ್ದು ಹೋಗಿ ಚೀಲದ ಬಾಯಿ ಕಟ್ಟಿದಳು.

ಮಾವನವರು ಚೀಲ ಬೇಡವೆಂದು ಕೈ ತೊಳೆದುಕೊಂಡು ಕೂಡಲಿಲ್ಲ ಅನ್ನುವುದನ್ನು ನಾನು ಇಲ್ಲಿ ಬರೆಯಲೇಬೇಕು. ಗಾಣದವನ ಹತ್ತಿರ ಹೋಗಿ ಶೇಂಗಾ ಹಿಂಡಿ ತಂದರು. ಕುಸುಬೆ ಹಿಂಡಿ ಒಳ್ಳೆಯದೆಂದು ಯಾರೋ ಹೇಳಿದರೆ ಅದು, ಎಳ್ಳಿನ ಹಿಂಡಿ ಅಂದರೆ ಅದು. ಗೋವಿನಜೋಳ, ಸಜ್ಜೆ, ಹೆಸರಿನ ನುಚ್ಚು, ನೆರಳಿನಲ್ಲಿ ಒಣಗಿಸಿದ ನುಗ್ಗೆ ಸೊಪ್ಪು. ಹಿಂಡಿಯ ಗಟ್ಟಿಯನ್ನು ಒರಳಿನ ಮುಂದೆ ಕೂತು ತಾವೇ ಕುಟ್ಟಿ, ಜರಡಿ ಹಿಡಿದು, ಹಕ್ಕಿಯ ಚುಂಚಿಗೆ ದಪ್ಪವಾದೀತೇನೋ ಅಂತ ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. ಮಗಳ ಪಾಲಿನ ದೀಪಾವಳಿಯ ಗಡುವು ಅವರ ಮೇಲೂ ಇತ್ತು. ಮಾಳವ್ವ ಗೋಡೆಯ ಮೇಲಿಂದ ನೋಡಿ, "ನಿಮ್ಮ ಹಕ್ಕಿಗೂ ಲಿಂಗಾ ಕಟ್ಟಿಸಿದ್ರೇನ್ರಿ ಯಜಮಾನ್ರ?" ಅಂದಳು. ಅವರೂ ನಕ್ಕರು. "ಕಟ್ಟಿಸೂದ ಬಾಕಿ ಐತಿ ನೋಡವಾ."

ಹಕ್ಕಿಗಳು ಅದನ್ನು ತಿಂದವು. ಮೊಟ್ಟೆಯನ್ನೂ ಇಟ್ಟವು. ಏನೂ ಆಗಲಿಲ್ಲವಲ್ಲ ಅಂತ ನಾವೆಲ್ಲ ನಿರಾಳವಾದೆವು.

ಗಣಪತಿ ಕಳಿಸಿದ ಮೇಲೆ ಒಂದು ಬೆಳಿಗ್ಗೆ ಕಸ ಗುಡಿಸಲು ಹೋದೆ. ನೆಲದ ಮೇಲೆ ಪುಕ್ಕ ಇರಲಿಲ್ಲ. ಹಿಂದಿನ ದಿನವೂ ಇರಲಿಲ್ಲ ಅನ್ನುವುದು ಆಗ ನೆನಪಾಯಿತು. ಉದುರುವುದು ನಿಂತಿತು, ಮೈ ಗಟ್ಟಿಯಾಯಿತು ಅಂದುಕೊಂಡು ನೀಲಾಳಿಗೆ ಹೇಳಿದೆ. ಅವಳು ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಒಂದು ಹಕ್ಕಿ ಮೈ ಕೊಡವಿತು. ಒಂದು ಪುಕ್ಕ ಕಳಚಿ ಗಾಳಿಯಲ್ಲಿ ತೇಲಿತು. ಅದು ನೆಲ ಮುಟ್ಟುವ ಮೊದಲೇ ಇನ್ನೊಂದು ಹಕ್ಕಿ ಕತ್ತು ಚಾಚಿ ಹಿಡಿದು ನುಂಗಿತು.

"ಉದುರೂದು ನಿಂತಿಲ್ಲ ಅತ್ತಿಗಿ. ತಿನ್ನಾಕತ್ತಾವು."

ಅಲ್ಲಿಂದ ಮುಂದೆ ಬೇಗ ಬೇಗ ಕೆಟ್ಟಿತು. ಬೆನ್ನಿನ ಮೇಲಿನ ಎಳೆಗಳು ಮಸುಕಾದವು, ತೊಳೆದು ತೊಳೆದು ಬಣ್ಣ ಬಿಟ್ಟ ಅಗ್ಗದ ಸೀರೆಯಂತೆ. ಪುಕ್ಕದ ತುದಿ ಮುರಿದು ಗರಗಸದಂತಾಯಿತು. ಉದುರುವುದು ಸಾಲದೆ ಒಂದರ ಬೆನ್ನಿಂದ ಇನ್ನೊಂದು ಕಿತ್ತುಕೊಳ್ಳತೊಡಗಿತು. ಕಿತ್ತಿಸಿಕೊಳ್ಳುವ ಹಕ್ಕಿ ಓಡುತ್ತಿರಲಿಲ್ಲ. ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿತ್ತು.

ನೀಲಾ ಒಂದನ್ನು ಬುಟ್ಟಿಯಲ್ಲಿಟ್ಟು ದನದ ದವಾಖಾನೆಗೆ ಒಯ್ದಳು, ನಾನೂ ಹೋದೆ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಏನು ತಿನ್ನಿಸುತ್ತೀರಿ ಅಂತ ಕೇಳಿಕೊಂಡು, ಹಕ್ಕಿಯ ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದಳು. "ರೋಗ ಅಲ್ಲರಿ. ಪುಕ್ಕ ಅಂದ್ರ ಇಡೀ ಪ್ರೋಟೀನ್. ಕಾಳು ಹಿಂಡಿ ತಿಂದು ಜೀವ ಹಿಡಿದಾವು, ಮೊಟ್ಟಿನೂ ಇಡತಾವು. ಆದರ ತಮ್ಮ ಮೈಯಾಗಿಂದ ತಗದು ಇಡತಾವು. ಮೈಯಾಗ ಕಡಿಮಿ ಬಿದ್ದದ್ದನ್ನ ಒಂದರ ಮೈ ಮ್ಯಾಲೆ ಇನ್ನೊಂದು ಹುಡಕತೈತಿ. ಮೀನಿನ ಪುಡಿ ಯಾಕ ಬಿಟ್ಟಿರಿ?"

ನೀಲಾ ಹೇಳಿದಳು. ಡಾಕ್ಟರು ನಮ್ಮ ಕೊರಳಲ್ಲಿದ್ದ ಲಿಂಗ ನೋಡಿದಳು, ನಗಲಿಲ್ಲ. "ಹಿಂಡಿಯೊಳಗ ಇಲ್ಲದ ಸತ್ವದ ಒಂದು ಪುಡಿ ಐತಿ, ಮೀನಿಂದಲ್ಲ. ಹುಬ್ಬಳ್ಳಿಯಿಂದ ತರಿಸಬೇಕು. ಖೋಲಿ ಬೆಳಕು ಕಡಿಮಿ ಮಾಡ್ರಿ. ಹೊಸಾ ಪುಕ್ಕ ಬರತಾವು. ಆದರ ಒಮ್ಮೆ ಕೀಳೂ ಚಟ ಕಲ್ತ ಮ್ಯಾಲೆ ಬಿಡಸೂದು ಕಠಿಣ."

ಪುಡಿ ಬರುವುದು ತಡವಾಯಿತು. ಅಷ್ಟರಲ್ಲಿ ಹೋಟೆಲಿನವನು ಬಂದ. ಪಂಜರದ ಮುಂದೆ ನಿಂತು ಹೆಲ್ಮೆಟ್ ತೆಗೆದ.

"ತಂಗಿ, ಊರ ನೋಡಾಕ ಬಂದವ್ರು ಹಕ್ಕಿದು ಫೋಟೋ ತೋರಿಸಂತಾರ. ಇದನ್ನ ತೋರಿಸಿದರ ಮೊಟ್ಟಿ ಯಾರ ತಿಂತಾರ?"

"ರೋಗಿಲ್ಲಣ್ಣ. ಡಾಕ್ಟರ ಹೇಳ್ಯಾರ."

"ನಾ ನಂಬತೇನಿ ಬಿಡವಾ. ತಾಟಿನ ಮುಂದ ಕುಂತವ್ರಿಗೆ ಹ್ಯಾಂಗ ಹೇಳಲಿ? ಪುಕ್ಕ ಬಂದ ಮ್ಯಾಲೆ ಒಂದ ಫೋನ್ ಹಚ್ಚು, ಅವತ್ತ ಬರತೇನಿ."

ಆ ದಿನ ಇಟ್ಟ ಮೊಟ್ಟೆಗಳನ್ನು ನೀಲಾ ಬುಟ್ಟಿಯಲ್ಲೇ ಜೋಡಿಸಿಟ್ಟಳು. ಮರುದಿನದವನ್ನೂ. ಮೂಲೆಯಲ್ಲಿ ಬುಟ್ಟಿ ತುಂಬುತ್ತ ಹೋಯಿತು. ನಮ್ಮ ಮನೆಯಲ್ಲಿ ತಿನ್ನುವವರಿಲ್ಲ. ಕೊನೆಗೆ ಮಾಳವ್ವ ಒಯ್ದಳು. ಒಯ್ಯಲು ಬಂದವಳು ಸೆರಗಿನ ಗಂಟಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಗೋಡೆಯ ಮೇಲಿಟ್ಟಳು. ಒಣಮೀನನ್ನು ಬಿಸಿಲಿಗೆ ಹಾಕಿ ಕುಟ್ಟಿದ ಪುಡಿ.

"ಹಿಂಡಿಯೊಳಗ ಚಿವುಟಿ ಚಿವುಟಿ ಹಾಕ. ಯಾರ ನೋಡಾಕ ಬರತಾರ? ನಿಮ್ಮಪ್ಪನ ಮೂಗಿಗೆ ನಾ ಊದಬತ್ತಿ ಕೊಡತೇನಿ."

ನೀಲಾ ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಂತಳು. ಪಂಜರದೊಳಗೆ ಹಕ್ಕಿಗಳು ಅದರ ವಾಸನೆ ಹಿಡಿದು ತಂತಿಗೆ ಬಂದು ಒತ್ತಿದವು, ಎಲ್ಲವೂ, ಬೋಳು ಬೆನ್ನಿನವೂ. ಒರಳಿನ ಮುಂದೆ ಮಾವನವರು ಹಿಂಡಿ ಕುಟ್ಟುವ ಸದ್ದು ಬರುತ್ತಿತ್ತು.

"ಅಲ್ಲೆ ಕುಂತ ಕುಟ್ಟಾಕತ್ತಾನ ನೋಡ ಮಾಳಕ್ಕ," ಅಂದಳು ನೀಲಾ. "ನನ್ನ ಸಲುವಾಗಿ ಆ ಮಂದಿ ಮುಂದ ಮಾತ ಕೊಟ್ಟಾನ. ಅವನ ಮನ್ಯಾಗ ನಾ ಕದ್ದು ಹಾಕಲೇನು?"

"ಹಂಗಾರ ಹಕ್ಕಿ ನನ್ನ ಕುರಿ ಕಟ್ಟೂ ದಡ್ಡಿಗೆ ತಾ. ಅಲ್ಲಿ ಯಾವ ಪೂಜಾನೂ ಇಲ್ಲ."

"ನಾ ಅಪ್ಪನ ಮನಿ ಬಿಟ್ಟು ಹೊರಗ ತಿರಗತೇನಿ ಅಂತ ಸುದ್ದಿ ಹುನಗುಂದ ಮುಟ್ಟಾಕ ಒಂದ ದಿನಾ ಸಾಕು. ದೀಪಾವಳಿ ಮಟಾ ಸುಮ್ಮನಿರೂನು."

ಮಾಳವ್ವ ಪೊಟ್ಟಣ ವಾಪಸು ತೆಗೆದುಕೊಂಡು ಗಂಟು ಹಾಕಿಕೊಂಡಳು. "ಅಪ್ಪಾ ಮಗಳು ನಿಮ್ಮಿಬ್ಬರನ್ನೂ ಒಂದ ಕಲ್ಲಾಗ ಕಟದಾರ," ಅಂತ ಹೇಳಿ ಹೋದಳು. ನಾನು ಆ ಮನೆಯ ಸೊಸೆ. ಪಡಸಾಲೆಯಲ್ಲಿ ಆಡುವ ಮಾತು ನನ್ನದಲ್ಲ. ಮಾವನವರಿಗೆ ಸಂಜೆಯ ಚಹಾ ಕೊಡುವಾಗ, "ಹಕ್ಕಿ ಭಾಳ ಸೋತಾವ್ರಿ ಮಾವಾರ" ಅಂತ ಎರಡು ಸಲ ಹೇಳಿದೆ. "ಕಂಡೇನಿ," ಅಂದರು ಎರಡು ಸಲವೂ.

ಮಹಾನವಮಿಯ ಮುಂಚೆ ಹುಬ್ಬಳ್ಳಿಯ ಪುಡಿ ಬಂತು. ಬಿಳಿ ಪುಡಿ, ತನ್ನದೇ ಒಂದು ಕೆಟ್ಟ ವಾಸನೆ. ಮಾವನವರು ಡಾಕ್ಟರಿಗೆ ತಾವೇ ಫೋನು ಮಾಡಿ, ಮೀನಿನದಲ್ಲ ಅಂತ ಇನ್ನೊಮ್ಮೆ ಕೇಳಿಕೊಂಡು, ತಾವೇ ಹಿಂಡಿಯಲ್ಲಿ ಕಲಸಿದರು. ಕಿಟಕಿಗೆ ಗೋಣಿ ಕಟ್ಟಿದೆವು. ಬನ್ನಿ ಹಂಚಲು ಬಂದವರಿಗೆ ಹಿತ್ತಲ ಬಾಗಿಲು ತೆರೆಯಲಿಲ್ಲ. ಆಮೇಲೆ ಒಂದು ದಿನ ನೀಲಾ ಒಂದು ಹಕ್ಕಿಯನ್ನು ಹಿಡಿದುಕೊಂಡು ಅಡುಗೆ ಮನೆಯ ಬಾಗಿಲ ತನಕ ಓಡಿ ಬಂದು, ಹೊಸ್ತಿಲ ಹೊರಗೇ ನಿಂತು, "ಅತ್ತಿಗಿ, ಬಾ, ಬೆರಳ ಇಡು ಇಲ್ಲೆ" ಅಂದಳು. ಬೋಳು ಬೆನ್ನಿನ ಮೇಲೆ ಬೆರಳಾಡಿಸಿದೆ. ಸಣ್ಣ ಸಣ್ಣ ಮುಳ್ಳು. ಚರ್ಮದ ಒಳಗಿಂದ ನೀಲಿ ಬಣ್ಣದ ಸೂಜಿಗಳು ತಲೆ ಎತ್ತಿದ್ದವು. ಹೊಸ ಪುಕ್ಕ. ಮಾವನವರೂ ಬಂದು ಮುಟ್ಟಿ ನೋಡಿದರು. ಅವತ್ತು ನಾನು ಹೋಳಿಗೆ ಮಾಡಿದೆ, ಹಬ್ಬವಿರಲಿಲ್ಲ.

ಆ ಸೂಜಿಗಳ ಒಳಗೆ ರಕ್ತ ಇರುತ್ತದೆ ಅನ್ನುವುದು ನಮಗೆ ಗೊತ್ತಿರಲಿಲ್ಲ. ಬೆಳೆಯುತ್ತಿರುವ ಪುಕ್ಕದ ಕೊಳವೆ ಹಸಿ. ಅದರಲ್ಲಿ ರಕ್ತ ಹರಿದರೇ ಅದು ಬೆಳೆಯುವುದು. ಚಟ ಕಲಿತ ಹಕ್ಕಿ ಹಳೆಯ ಒಣ ಪುಕ್ಕ ಕೀಳುತ್ತಿದ್ದುದು ಈಗ ಈ ಸೂಜಿಯನ್ನು ಕುಟುಕಿತು. ಕುಟುಕಿದಲ್ಲಿ ಕೆಂಪು ಕಂಡಿತು. ಕೆಂಪು ಕಂಡ ಮೇಲೆ ಉಳಿದವೂ ಬಂದವು.

ಬೆಳಿಗ್ಗೆ ಕಸಬರಿಗೆ ಹಿಡಿದು ಹೋದವಳು ನಾನೇ ಮೊದಲು ನೋಡಿದೆ. ಎಲ್ಲಕ್ಕಿಂತ ಚೆನ್ನಾಗಿ ಪುಕ್ಕ ಬರುತ್ತಿದ್ದ ಹಕ್ಕಿ ಅದು. ಪಂಜರದ ತಳದಲ್ಲಿ ಬಿದ್ದಿತ್ತು, ಅದರ ಮೇಲೆ ನಿಂತು ಇನ್ನೂ ತಿನ್ನುತ್ತಿದ್ದವು. ನೀಲಾ ಅರಿಷಿಣ ಹಚ್ಚಿದಳು, ಬೇವಿನೆಣ್ಣೆ ಹಚ್ಚಿದಳು, ಕುಟುಕುವ ಹಕ್ಕಿಯನ್ನು ಬೇರೆ ಮಾಡಿದಳು. ಇನ್ನೊಂದು ಕುಟುಕಲು ಕಲಿಯಿತು. ಯಾವುದಕ್ಕೆ ಪುಕ್ಕ ಬಂದರೆ ಅದರ ಸರದಿ. ಬರಿಮೈಯ ಹಕ್ಕಿಯ ಗೊಡವೆಗೆ ಯಾವುದೂ ಹೋಗುತ್ತಿರಲಿಲ್ಲ.

ಹಿತ್ತಲಲ್ಲಿ ಹೂಳುವ ಕೆಲಸ ಮಾವನವರು ಮಾಡಿದರು. ಪ್ರತಿಯೊಂದಕ್ಕೂ ಬೇರೆ ಗುಂಡಿ, ಮೇಲೆ ಚಿಟಿಕೆ ವಿಭೂತಿ.

ಉಳಿದವನ್ನು ಉಳಿಸಲು ಕಡೆಗೆ ನೀಲಾ ಕಂಡುಕೊಂಡ ದಾರಿ ಸೀರೆ ಡಬ್ಬಿ. ಮಾರಲು ಹೋಗುವ ಸೀರೆಗಳನ್ನು ಇಡಲು ನಮ್ಮಲ್ಲಿ ರಟ್ಟಿನ ಡಬ್ಬಿಗಳ ರಾಶಿಯೇ ಇರುತ್ತಿತ್ತು. ಒಂದೊಂದು ಡಬ್ಬಿಗೆ ದಬ್ಬಣದಿಂದ ತೂತು ಹೊಡೆದು, ಹೊಟ್ಟು ಹಾಸಿ, ಒಂದೊಂದೇ ಹಕ್ಕಿಯನ್ನು ಇಟ್ಟಳು. ಯಾರೂ ಯಾರನ್ನೂ ಕಾಣಬಾರದು. ಗೋಡೆಯುದ್ದಕ್ಕೂ ಡಬ್ಬಿ, ಡಬ್ಬಿಯೊಳಗೆ ಕರಕರ ಸದ್ದು. ಹಗಲೂ ಕತ್ತಲೆಯಲ್ಲಿ ಕೂತ ಹಕ್ಕಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಪುಕ್ಕ ಮಾತ್ರ ನಿಧಾನಕ್ಕೆ ಬಂತು.

ದೀಪಾವಳಿಯ ಪಾಡ್ಯ ಕಳೆದ ಮರುದಿನ ಹಿರಿಯರು ಬಂದರು. ಅದೇ ಜಮಖಾನ ಹಾಸಿದೆ. ಚಹಾ ಆಯಿತು, ಮಳೆ ಬೆಳೆಯ ಮಾತಾಯಿತು. ಮಾತಿನ ನಡುವೆ ಒಳಗಿಂದ ರಟ್ಟು ಕೆರೆಯುವ ಸದ್ದು ಕೇಳಿ ಆ ಹೆಚ್ಚು ಮಾತಾಡುವ ಹಿರಿಯರು, "ಇಲಿ ಭಾಳ ಆದಂಗಾಗ್ಯಾವ," ಅಂದರು.

"ಇಲಿ ಅಲ್ಲ. ಹಕ್ಕಿ," ಅಂದರು ಮಾವನವರು.

"ಅದಾವೇನು ಇನ್ನೂ? ತರ್ರಿ, ನೋಡೂನು."

ನೀಲಾ ಒಂದು ಡಬ್ಬಿ ತಂದು ಜಮಖಾನದ ಅಂಚಿಗಿಟ್ಟು ಮುಚ್ಚಳ ತೆಗೆದಳು. ಬೆಳಕಿಗೆ ಹಕ್ಕಿ ಕಣ್ಣು ಮುಚ್ಚಿಕೊಂಡಿತು. ಕತ್ತು ಬೋಳು, ಬೆನ್ನಿನ ಮೇಲೆ ಅರ್ಧ ಬಿಚ್ಚಿದ ಪುಕ್ಕದ ಕಡ್ಡಿಗಳು. ಡಬ್ಬಿಯ ಮುಚ್ಚಳದ ಮೇಲೆ ಬಂಗಾರದ ಬಣ್ಣದಲ್ಲಿ ನಮ್ಮ ಮಗ್ಗದ ಮನೆಯ ಹೆಸರು. ಹಿರಿಯರು ಕೆಟ್ಟವರಲ್ಲ. ಅವರು ನಗಲಿಲ್ಲ, ಬೈಯಲಿಲ್ಲ. ಸ್ವಲ್ಪ ಹೊತ್ತು ನೋಡಿ ಮೆತ್ತಗೆ ಕೇಳಿದರು: "ಇದರ ಮ್ಯಾಲೆ ನಿಂದ್ರಾಕಿ ಏನವಾ ನೀನು?"

ನಾಲ್ಕು ವಾರ ಕೊಡಿ, ಪುಕ್ಕ ಬರುತ್ತವೆ, ಹೋಟೆಲಿನವನು ಬರುತ್ತೇನೆ ಅಂದಿದ್ದಾನೆ. ಇದನ್ನೆಲ್ಲ ಅವಳು ಹೇಳಬಹುದಿತ್ತು. ಅಪ್ಪನ ಕಡೆ ನೋಡಿದಳು. ಮಾವನವರು ನೆಲ ನೋಡುತ್ತಿದ್ದರು. ಕೊಟ್ಟ ಮಾತಿನ ದಿನ ಬಂದಿತ್ತು, ಅದನ್ನು ಮುಂದೆ ಹಾಕಿ ಅಂತ ಕೇಳುವುದು ಅವರಿಂದ ಆಗುವುದಲ್ಲ. ಅವರಿಂದ ಅದನ್ನು ಕೇಳಿಸುವುದು ಅವಳಿಂದಲೂ ಆಗಲಿಲ್ಲ. ಮುಚ್ಚಳ ಹಾಕಿ ಡಬ್ಬಿ ಎತ್ತಿಕೊಂಡು ಒಳಗೆ ಬಂದಳು. ಬಂದದ್ದು ಒಂದೇ ಕೈಚೀಲದಲ್ಲಿ. ಹೋಗುವಾಗ ನಾನು ಚಕ್ಕಲಿ, ಉಂಡೆ, ಶೇಂಗಾ ಚಟ್ನಿ ಪುಡಿ, ತಿಂಗಳುಗಟ್ಟಲೆ ಕೆಡದಂಥದ್ದು ಏನೇನಿತ್ತೋ ಎಲ್ಲ ಕಟ್ಟಿದೆ. "ಇಷ್ಟ್ಯಾಕ ಅತ್ತಿಗಿ? ಅಲ್ಲಿ ಹಂಚಿ ಬಿಡತಾರ," ಅಂದಳು.

ಮಾವನವರೇ ಬಿಟ್ಟು ಬಂದರು.

ಡಬ್ಬಿಗಳನ್ನು ಮಾಳವ್ವ ಕುರಿ ದಡ್ಡಿಗೆ ಒಯ್ದಳು. ಅವುಗಳನ್ನು ಗೋಡೆಯ ಮೇಲಿಂದ ಎತ್ತಿ ಎತ್ತಿ ಕೊಟ್ಟವರು ಮಾವನವರೇ. ಅಲ್ಲಿ ಅವಳು ತನ್ನ ಒಣಮೀನಿನ ಪುಡಿ ಹಾಕಿದಳು. ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ನೋಡಿದೆ: ಬೆನ್ನಿನ ತುಂಬ ಹುಲ್ಲು, ಮಣ್ಣು, ಸುಟ್ಟ ಬೆಲ್ಲದ ಬಣ್ಣ, ಎದೆಯ ಮೇಲೆ ಚುಕ್ಕಿ, ಮುಟ್ಟಿದರೆ ಬೆರಳು ಜಾರುವ ಹೊಳಪು. ಎಲ್ಲವೂ ಒಂದೇ ಪಂಜರದಲ್ಲಿ ಒಂದಕ್ಕೊಂದು ಒತ್ತಿಕೊಂಡು ಬಿಸಿಲು ಕಾಯಿಸುತ್ತಿದ್ದವು.

ಮನೆಗೆ ಬಂದು ನೀಲಾಳಿಗೆ ಫೋನು ಹಚ್ಚಿದೆ. ಬಹಳ ಹೊತ್ತು ಬಾರಿಸಿದ ಮೇಲೆ ಎತ್ತಿದಳು. ಪುಕ್ಕ ಬಂದದ್ದು ಹೇಳಿದೆ. ಹೋಟೆಲಿನವನು ಮಾಳವ್ವನ ಹತ್ತಿರ ಬರತೊಡಗಿದ್ದನ್ನು ಹೇಳಲಿಲ್ಲ.

"ಡಬ್ಬಿಯೊಳಗ ಅದಾವೇನು ಇನ್ನೂ?" ಅಂದಳು.

"ಇಲ್ಲ. ಎಲ್ಲಾ ಕೂಡೇ ಅದಾವು."

"ಕಚ್ಚಾಡೂದಿಲ್ಲ?"

"ಇಲ್ಲ ನೋಡು. ಒಂದಕ್ಕೊಂದು ಒರಗಿ ಕುಂತಾವು."

ಆ ಕಡೆ ಪಾತ್ರೆ ತಿಕ್ಕುವ ಸದ್ದು ಬರುತ್ತಿತ್ತು. ಅವಳು ತಿಕ್ಕುತ್ತಲೇ ಮಾತಾಡುತ್ತಿದ್ದಳು ಅಂತ ಕಾಣುತ್ತದೆ, ಸದ್ದು ನಿಂತಿತು.

"ಹೊಟ್ಟಿ ತುಂಬಿದರ ಯಾಕ ಕಚ್ಚತಾವ ಅತ್ತಿಗಿ," ಅಂದಳು. ಒಳಗಿಂದ ಯಾರೋ ಕರೆದರು. ಹೆಸರು ಹಿಡಿದಲ್ಲ, "ಎಲ್ಲಿ ಸತ್ತಾಳ" ಅಂತ. ಫೋನು ಕಡಿಯಿತು.

ಮಾವನವರು ಪಡಸಾಲೆಯ ಕಂಬದ ಹತ್ತಿರ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಏನಂತಾಳ?"

"ಆರಾಮ ಅದಾಳಂತ್ರಿ ಮಾವಾರ."

ಅವರು ನನ್ನ ಮುಖ ನೋಡಿದರು. ಆಮೇಲೆ ಮಗ್ಗದ ಕುಣಿಗೆ ಇಳಿದು ಕೂತರು. ಲಾಳಿ ಓಡುವ ಸದ್ದಿಗಾಗಿ ನಾನು ಅಡುಗೆ ಮನೆಯಲ್ಲಿ ಕಿವಿಗೊಟ್ಟು ನಿಂತೆ. ಸಂಜೆಯ ದೀಪ ಹಚ್ಚುವ ತನಕವೂ ಆ ಸದ್ದು ಬರಲಿಲ್ಲ.